ಸಾಚಾಗಳ ಸಭೆ: ಉಗ್ರವಾದದ ಬಗ್ಗೆ ಒಂದು ಕರಾಳ ವಿಡಂಬನೆ ತೆಗೆದ ಬಗೆ

ಚಿತ್ರ 24 ನಿಮಿಷದ್ದು. ಒಂದು ಕೋಣೆ, ಒಂದು ಮೇಜು, ಐದು ಜನರ ಸಮಿತಿ. ಪ್ರತಿ ಸಭೆಗೂ ಉಗ್ರ ಮಾತಿನ ಒಬ್ಬ ಅತಿಥಿಯನ್ನು ಕರೆಸುತ್ತಾರೆ, ಪೂರ್ತಿ ಮಾತನಾಡಲು ಬಿಡುತ್ತಾರೆ, ಕೈಯೆತ್ತಿ ಮತ ಹಾಕುತ್ತಾರೆ. ಹಿಂಬಾಗಿಲಿನಿಂದ ಹೋದ ಅತಿಥಿ ವಾಪಸ್ ಬರುವುದಿಲ್ಲ. ಕಾರ್ಯದರ್ಶಿ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತಾಳೆ. ಕಥೆ ಇಷ್ಟೇ. ಮೊದಲ ಮತದಾನದಲ್ಲಿ ನೋಡುಗನೂ ಮನಸ್ಸಿನಲ್ಲೇ ಕೈಯೆತ್ತಬೇಕು. ಆಮೇಲೆ ಆ ಕೈಯನ್ನು ಎಲ್ಲಿ ಇಳಿಸುವುದೆಂದು ತಿಳಿಯದೆ ಒದ್ದಾಡಬೇಕು. ಬರವಣಿಗೆಯಿಂದ ಹಿಡಿದು ಬಾಗಿಲ ಸದ್ದಿನವರೆಗೆ ನಾವು ತೆಗೆದುಕೊಂಡ ಪ್ರತಿ ತೀರ್ಮಾನವನ್ನೂ ಈ ಒಂದು ಅಳತೆಗೋಲಿನಲ್ಲೇ ಅಳೆದೆವು.

ಶುರು ಮಾಡಬೇಕಾದದ್ದು ಅತಿಥಿಗಳ ಏಣಿಯಿಂದ. ಈ ಬಗೆಯ ಕಥೆ ಎಂದರೆ ಹಲವರಿಗೆ ನೆನಪಾಗುವುದು 1995ರ ದಿ ಲಾಸ್ಟ್ ಸಪ್ಪರ್, ಸ್ಟೇಸಿ ಟೈಟಲ್ ನಿರ್ದೇಶಿಸಿದ್ದು; ಉಗ್ರ ವಿಚಾರದವರನ್ನು ಊಟಕ್ಕೆ ಕರೆದು ಕೊಲ್ಲುವ ಗೆಳೆಯರ ಗುಂಪಿನ ಕಥೆ. ಅಲ್ಲಿ ಮೊದಲ ಸಾವು, ಅತಿಥಿ ಚಾಕು ತೋರಿಸಿದ ಜಗಳದ ಗಡಿಬಿಡಿಯಲ್ಲಿ ಆಗಿಬಿಡುತ್ತದೆ, ಮುಂದಿನವು ಲೆಕ್ಕ ಹಾಕಿ ಮಾಡಿದವು. ಆ ಜೋಡಣೆಯಿಂದ ಮೊದಲ ಕೊಲೆಯನ್ನು ಒಪ್ಪಿಕೊಳ್ಳಲು ನೋಡುಗನಿಗೆ ಒಂದು ನೆಪ ಸಿಗುತ್ತದೆ. ನಮ್ಮ ಚಿತ್ರದಲ್ಲಿ ಆ ನೆಪ ಬೇಡವೆಂದುಕೊಂಡೆವು. ಸಮಿತಿಗೆ ಯಾರೂ ಚಾಕು ತೋರಿಸುವುದಿಲ್ಲ, ಮೊದಲ ಸಭೆಯಲ್ಲೇ ಕೂತು, ಕೇಳಿ, ತೀರ್ಪು ಕೊಡುತ್ತಾರೆ. ಆದರೆ ನೆಪ ತೆಗೆದ ಮೇಲೆ ಅದರ ಜಾಗಕ್ಕೆ ಇನ್ನೇನಾದರೂ ಬರಲೇಬೇಕು. ಇಲ್ಲದಿದ್ದರೆ ನೋಡುಗ ಎರಡನೇ ನಿಮಿಷಕ್ಕೇ ಸಮಿತಿಯಿಂದ ಹೊರನಡೆದು ದೂರ ನಿಂತು ನೋಡುತ್ತಾನೆ. ಹಾಗಾಗಿ ಮೊದಲ ಅತಿಥಿಯ ಕೈಗೆ ಒಂದು ಪಟ್ಟಿ ಕೊಟ್ಟೆವು: ಹೆಸರುಗಳು, ಮನೆ ಸಂಖ್ಯೆಗಳು, ಕೆಲವಕ್ಕೆ ಕೆಂಪು ಶಾಯಿಯ ಗುರುತು.

ಏಣಿಯ ಮೆಟ್ಟಿಲುಗಳು ಹೀಗಿದ್ದವು. ಪಟ್ಟಿ ಹಿಡಿದವನು. ನಡೆದ ಹತ್ಯಾಕಾಂಡವನ್ನು ನಡೆದೇ ಇಲ್ಲ ಎನ್ನುವ ಪ್ರಾಧ್ಯಾಪಕ. ದ್ವೇಷವನ್ನು ಚಟಾಕಿ ಮಾಡಿ ಮಾರುವ ಅಂಕಣಕಾರ್ತಿ. ಎಲ್ಲೋ ಕೇಳಿದ್ದನ್ನು ಗಿಳಿಪಾಠ ಒಪ್ಪಿಸುವ ಹತ್ತೊಂಬತ್ತರ ಹುಡುಗ. ಕೊನೆಗೆ ಸಮಿತಿಯ ಸದಸ್ಯನೇ, ಅವನ ಅಪರಾಧ, "ಈ ವಾರ ಮತದಾನ ಮುಂದಕ್ಕೆ ಹಾಕೋಣವೇ?" ಎಂದು ಕೇಳಿದ್ದು. ಅತಿಥಿಯಿಂದ ಆಗಬಹುದಾದ ಹಾನಿ ಇಳಿಯುತ್ತ ಹೋದಂತೆ ಸಮಿತಿಯ ಆರೋಪದಲ್ಲಿ ವಿಶೇಷಣಗಳು ಏರುತ್ತ ಹೋಗಬೇಕು. ಪಟ್ಟಿ ಹಿಡಿದವನಿಗೆ "ಅಪಾಯಕಾರಿ" ಎಂಬ ಒಂದೇ ಮಾತು ಸಾಕು. ಹುಡುಗನಿಗೆ "ನಾಗರಿಕತೆಯ ಬೇರಿಗೇ ಕೊಡಲಿ ಇಡುವ ವಿಕೃತ ಮನಸ್ಥಿತಿ" ಬೇಕಾಗುತ್ತದೆ.

ಇದನ್ನು ತಲೆಯಲ್ಲಿ ಇಟ್ಟುಕೊಂಡರೆ ಸಾಲದು, ಮೂರು ಕಾಲಮ್ಮಿನ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಒಂದರಲ್ಲಿ ಅತಿಥಿ ನಿಜಕ್ಕೂ ಮಾಡಿದ್ದೇನು, ಇನ್ನೊಂದರಲ್ಲಿ ಸಮಿತಿ ಹೊರಿಸುವ ಆರೋಪ, ಮೂರನೆಯದರಲ್ಲಿ ಮಾತು ಮುಗಿದ ಮೇಲೆ ಮತಕ್ಕೆ ಹಿಡಿಯುವ ಸಮಯ. ಈ ಸಮಯ ನಮ್ಮಲ್ಲಿ 70 ಸೆಕೆಂಡು, 40, 25, 10, ಕೊನೆಗೆ ಸೊನ್ನೆ. ಐದನೇ ಸಭೆಯಲ್ಲಿ ಯಾರೂ ಕೈಯೆತ್ತುವ ಮೊದಲೇ ಕಾರ್ಯದರ್ಶಿ ಬರೆಯಲು ಶುರು ಮಾಡಿರುತ್ತಾಳೆ. ಸಭೆಗಳ ಉದ್ದವೂ ಹಾಗೇ ಕುಗ್ಗುತ್ತದೆ: 7 ನಿಮಿಷ, ಐದೂವರೆ, 4, ಮೂರೂವರೆ, 2. ಎಲ್ಲಕ್ಕೂ ಒಂದೇ ಉದ್ದ ಕೊಟ್ಟರೆ ಮೂರನೇ ಸಭೆಗೆ ಸೂತ್ರ ಬಯಲಾಗಿ ನೋಡುಗ ಗಡಿಯಾರ ನೋಡುತ್ತಾನೆ. ಹೆಚ್ಚು ಕಾಟ ಕೊಡುವುದು ಎರಡನೇ ಮತ್ತು ಮೂರನೇ ಮೆಟ್ಟಿಲು. ಇಬ್ಬರೂ ಬರೀ ಮಾತಿನವರು, ತೂಕ ಹತ್ತಿರ ಹತ್ತಿರ. ಅತಿಥಿಯನ್ನು ತಿದ್ದಿದರೆ ಇದು ಸರಿಹೋಗುವುದಿಲ್ಲ. ಆರೋಪ ಎತ್ತುವ ಸದಸ್ಯ ಬದಲಾಗಬೇಕು. ಮೊದಲೆರಡು ಸಭೆಗಳಲ್ಲಿ ಹಿಂಜರಿದವಳೇ ಮೂರನೆಯದರಲ್ಲಿ ಮೊದಲು ಬಾಯಿ ತೆರೆದರೆ ಕಥೆ ಮುಂದೆ ಸರಿಯುತ್ತದೆ.

ಅತಿಥಿಗಳ ಮಾತು ಬರೆಯುವುದೇ ಅತಿ ಕಷ್ಟದ ಭಾಗ, ಇಲ್ಲೇ ಬಹುತೇಕ ವಿಡಂಬನೆಗಳು ಸಾಯುತ್ತವೆ. ಬರೆಯುವವರಿಗೆ ಇಷ್ಟವಿಲ್ಲದ ವಿಚಾರವನ್ನು ಪೆದ್ದನ ಬಾಯಲ್ಲಿ ಇಟ್ಟುಬಿಡುವುದು ಸುಲಭ. ಆಗ ನೋಡುಗ ಹತ್ತು ಸೆಕೆಂಡಿನಲ್ಲಿ ನಕ್ಕು ಮುಗಿಸುತ್ತಾನೆ, ಸಮಿತಿಯ ಅಗತ್ಯವೇ ಇರುವುದಿಲ್ಲ. ನಾವು ಪ್ರತಿ ಅತಿಥಿಗೂ ಮೊದಲು ಅಡ್ಡಮಾತಿಲ್ಲದ ನಾಲ್ಕು ನಿಮಿಷದ ಭಾಷಣ ಬರೆದು, ಆಮೇಲೆ ಅದನ್ನು ಎಪ್ಪತ್ತು, ಎಂಬತ್ತು ಸೆಕೆಂಡಿಗೆ ಇಳಿಸಿದೆವು. ಇಳಿಸುವಾಗ ಉಳಿಸಬೇಕಾದದ್ದು ಮೂರು: ಅವನ ನಿಜವಾದ ಒಂದು ಕುಂದುಕೊರತೆ, ಅದರಿಂದ ಅವನು ಸುಳ್ಳು ತೀರ್ಮಾನಕ್ಕೆ ಜಿಗಿಯುವ ಆ ಒಂದು ವಾಕ್ಯ, ಜಿಗಿದದ್ದು ಅವನಿಗೇ ಗೊತ್ತಾಗದಂಥ ಶಾಂತ ದನಿ. ಬರೆದದ್ದನ್ನು ಆ ಕಡೆ ಒಲವಿರುವವರಿಗೆ ಓದಿಸಿ. "ನಾವು ಹೀಗೆ ಮಾತಾಡಲ್ಲ" ಎಂದರೆ ಹರಿದು ಮತ್ತೆ ಬರೆಯಿರಿ. "ಇದರಲ್ಲಿ ತಪ್ಪೇನಿದೆ?" ಎಂದರೆ ಬರಹ ಸಿದ್ಧ.

ಪಕ್ಷದ ಹೆಸರು, ಬಾವುಟ, ಬಣ್ಣ, ನಿಜವಾದ ಘೋಷಣೆ ಯಾವುದನ್ನೂ ಬಳಸಬೇಡಿ. ಇದಕ್ಕೆ ಅಂಜಿಕೆ ಕಾರಣವಲ್ಲ. ಹೆಸರು ಹೇಳಿದ ಕೂಡಲೇ ಸಭಾಂಗಣದ ಅರ್ಧ ಜನ "ಇದು ಅವರ ಬಗ್ಗೆ" ಎಂದು ಹಾಯಾಗಿ ಕೂರುತ್ತಾರೆ. ಹಾಗಂತ ಎಲ್ಲವನ್ನೂ ಅಮೂರ್ತ ಮಾಡಿದರೆ ನಾಟಕ ಸಪ್ಪೆ. "ಅವರು", "ಇವರು" ಎಂಬ ಸರ್ವನಾಮಗಳ ನಡುವೆ ಕಣ್ಣಿಗೆ ಕಾಣುವ ವಸ್ತು ಒಂದಿರಬೇಕು. ನಮಗೆ ಆ ಪಟ್ಟಿ ಅದನ್ನು ಮಾಡಿಕೊಟ್ಟಿತು.

ಸಮಿತಿಯ ಭಾಷೆಗೆ ಬೇರೆಲ್ಲೂ ಹುಡುಕಬೇಕಾಗಿಲ್ಲ, ಕಡತದ ಕನ್ನಡವೇ ಇದೆ. ಕರ್ತೃವೇ ಇಲ್ಲದ ಕ್ರಿಯಾಪದಗಳು ಕೊಲೆಗೆ ಎಷ್ಟು ಚೆನ್ನಾಗಿ ಒಗ್ಗುತ್ತವೆ ಎಂದರೆ ಬರೆಯುವಾಗ ಕೈ ತಡೆಯಬೇಕಾಗುತ್ತದೆ. ಮೊದಲ ಸಭೆಯ ನಡಾವಳಿ: "ಅತಿಥಿಗಳ ವಿಚಾರಗಳನ್ನು ಆಲಿಸಿ, ಸುದೀರ್ಘವಾಗಿ ಚರ್ಚಿಸಿ, ಭಾರವಾದ ಮನಸ್ಸಿನಿಂದ, ಬಹುಮತದ ಮೇರೆಗೆ ಮುಂದಿನ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು." ಮೂರನೆಯದು: "ಚರ್ಚಿಸಿ ಸರ್ವಾನುಮತದಿಂದ ತೀರ್ಮಾನಿಸಲಾಯಿತು." ನಾಲ್ಕನೆಯದು: "ಕ್ರಮ ಕೈಗೊಳ್ಳಲಾಯಿತು." ಐದನೆಯದು: "ಮೇಲಿನಂತೆ." ಪ್ರದರ್ಶನಗಳಲ್ಲಿ ಜೋರು ನಗು ಬಂದದ್ದು ಈ ಕೊನೆಯ ಪದಕ್ಕೆ, ಯಾರೂ ಅದನ್ನು ಬಾಯಿಬಿಟ್ಟು ಹೇಳದಿದ್ದರೂ. ಇದನ್ನು ತೆರೆಯ ಮೇಲೆ ಓದಿಸಲು ಕೆಲವು ಲೆಕ್ಕಗಳಿವೆ. ತೀರಾ ಹತ್ತಿರದಿಂದ ತೆಗೆಯುವ 100 ಎಂಎಂ ಮ್ಯಾಕ್ರೊ ಲೆನ್ಸು, ಗೆರೆ ಹಾಕಿದ ಉದ್ದ ಪುಸ್ತಕ, ಹೊಳಪು ಹೊಡೆಯದ ಕಪ್ಪು ಶಾಯಿ. ಚೌಕಟ್ಟಿನಲ್ಲಿ ಏಕಕಾಲಕ್ಕೆ ನಾಲ್ಕೈದು ಪದಕ್ಕಿಂತ ಹೆಚ್ಚು ಬೇಡ. ಒತ್ತಕ್ಷರಗಳು ಸಣ್ಣ ತೆರೆಯಲ್ಲಿ ಗೀಚಿದ ಹಾಗೆ ಕಾಣುತ್ತವೆ. ಸೆಕೆಂಡಿಗೆ ಎರಡು ಪದದ ಲೆಕ್ಕದಲ್ಲಿ ಶಾಟ್ ಹಿಡಿಯಿರಿ. ಅಕ್ಷರ ನಟಿಯದ್ದೇ ಆಗಿರಲಿ. ಬೇರೆಯವರ ಕೈ ತಂದರೆ ಉಗುರು, ಬಳೆ, ಪೆನ್ನು ಹಿಡಿಯುವ ಕೋನ ಎಲ್ಲವೂ ಕಂಟಿನ್ಯುಟಿಯಲ್ಲಿ, ಅಂದರೆ ಶಾಟಿನಿಂದ ಶಾಟಿಗೆ ಇರಬೇಕಾದ ಹೊಂದಿಕೆಯಲ್ಲಿ, ಸಿಕ್ಕಿಬೀಳುತ್ತವೆ.

ಇಂಥ ಚಿತ್ರಕ್ಕೆ ಅಂಟಿಕೊಳ್ಳುವ ದೊಡ್ಡ ರೋಗವೊಂದಿದೆ. ಸಮಿತಿಯನ್ನು ಗೇಲಿ ಮಾಡುತ್ತ ಮಾಡುತ್ತ "ಎರಡೂ ಕಡೆಯವರು ಒಂದೇ" ಎಂಬ ಕಡೆಗೆ ಚಿತ್ರ ಜಾರುತ್ತದೆ, ಪಟ್ಟಿ ಹಿಡಿದವನು ಪಾಪದವನಾಗಿಬಿಡುತ್ತಾನೆ. ಅದು ಸುಳ್ಳು, ವಿಡಂಬನೆಯನ್ನೂ ಕೊಲ್ಲುತ್ತದೆ. ಸಂಭಾಷಣೆಯಲ್ಲಿ ಇದಕ್ಕೆ ಮದ್ದಿಲ್ಲ. ಯಾರ ಬಾಯಲ್ಲಿ ಹೇಳಿಸಿದರೂ ಉಪದೇಶವಾಗುತ್ತದೆ. ನಾವು ಆರನೇ ಪಾತ್ರವೊಂದನ್ನು ತಂದೆವು: ಸಭೆ ಮುಗಿದ ಮೇಲೆ ನೆಲ ಒರೆಸುವ ಹೆಂಗಸು. ಮೊದಲ ಸಭೆಯ ಬಳಿಕ ಮೇಜಿನ ಮೇಲೆ ಉಳಿದ ಪಟ್ಟಿಯನ್ನು ಅವಳು ಎತ್ತಿ ನೋಡುತ್ತಾಳೆ, ಬೆರಳು ಒಂದು ಸಾಲಿನ ಮೇಲೆ ನಿಲ್ಲುತ್ತದೆ. ಅಷ್ಟೇ, ಮೂರು ಸೆಕೆಂಡು. ಆ ಪಟ್ಟಿ ಯಾರ ಮನೆ ಬಾಗಿಲಿಗೆ ಬರುತ್ತಿತ್ತು ಎಂಬುದು ಅಲ್ಲಿಗೆ ಖಚಿತವಾಯಿತು. ಅತಿಥಿಯ ಮಾತು ಬರೀ ಅಭಿಪ್ರಾಯವಾಗಿ ಉಳಿಯಲಿಲ್ಲ. ಐದೂ ಸಭೆಗಳಲ್ಲಿ ಸಮಿತಿ "ಅವರ ಪರವಾಗಿ" ಎನ್ನುತ್ತಲೇ ಇರುತ್ತದೆ. ಒಬ್ಬರೂ ಅವಳ ಹೆಸರು ಕೇಳುವುದಿಲ್ಲ. ಅಧ್ಯಕ್ಷರು ಅವಳನ್ನು ಕರೆಯುವುದು ಮೇಜು ತಟ್ಟಿ. ಸಾಚಾತನದ ಮೇಲಿನ ವಿಡಂಬನೆ ಪೂರ್ತಿ ಈ ತಟ್ಟುವಿಕೆಯಲ್ಲಿದೆ ಎಂದು ನನ್ನ ಲೆಕ್ಕ. ಅವಳ ದೃಶ್ಯಗಳಿಗೆ ಸಂಗೀತ ಹಾಕಬೇಡಿ, ಅವಳಿಗೆ ಕಣ್ಣೀರೂ ಬೇಡ. ಅವಳಿಗೆ ಬೇಕಾದದ್ದು ಕೋಣೆ ಬೇಗ ಖಾಲಿಯಾಗುವುದು.

ಕೊಲೆ ತೋರಿಸಬೇಕೇ ಎಂಬ ಚರ್ಚೆ ಪ್ರತಿ ತಂಡದಲ್ಲೂ ಏಳುತ್ತದೆ. ಸ್ಟ್ಯಾನ್ಲಿ ಕ್ಯೂಬ್ರಿಕ್ ಅಣುಯುದ್ಧದ ಮೇಲಿನ ವಿಡಂಬನೆಯಾದ 1964ರ ಡಾಕ್ಟರ್ ಸ್ಟ್ರೇಂಜ್‌ಲವ್ ಚಿತ್ರಕ್ಕಾಗಿ ಯುದ್ಧಕೋಣೆಯಲ್ಲಿ ಎಲ್ಲರೂ ಕೆನೆ ಪೈ ಎರಚಾಡುವ ದೊಡ್ಡ ದೃಶ್ಯ ಚಿತ್ರೀಕರಿಸಿ, ಅದು ಬರೀ ಪ್ರಹಸನವಾಗುತ್ತದೆ, ಉಳಿದ ಚಿತ್ರದ ವಿಡಂಬನೆಗೆ ಹೊಂದದು ಎಂದು ಕತ್ತರಿಸಿ ಹಾಕಿದರು. ಚಾಪ್ಲಿನ್ 1940ರಲ್ಲಿ ಹಿಟ್ಲರನನ್ನು ಗೇಲಿ ಮಾಡುವ ದಿ ಗ್ರೇಟ್ ಡಿಕ್ಟೇಟರ್ ತೆಗೆದವರು, ಮುಂದೆ ಆತ್ಮಕಥೆಯಲ್ಲಿ, ನಾಜಿ ಶಿಬಿರಗಳ ನಿಜವಾದ ಘೋರ ಗೊತ್ತಿದ್ದಿದ್ದರೆ ಆ ಚಿತ್ರ ಮಾಡಲಾಗುತ್ತಿರಲಿಲ್ಲ ಎಂದು ಬರೆದರು. ನಗು ಎಲ್ಲಿ ನಿಲ್ಲಬೇಕು ಎಂಬ ಗೆರೆಯನ್ನು ಮೊದಲೇ ಎಳೆದುಕೊಳ್ಳುವುದು ಒಳ್ಳೆಯದು. ನಮ್ಮ ಗೆರೆ ಬಾಗಿಲು: ಅತಿಥಿ ಹೊಸ್ತಿಲು ದಾಟಿದ ಮೇಲೆ ಕ್ಯಾಮೆರಾ ಆ ಕಡೆ ಹೋಗುವುದಿಲ್ಲ. ರಕ್ತ ಕಂಡರೆ ನೋಡುಗನಿಗೆ ಸಮಿತಿಯನ್ನು ಅಸಹ್ಯಪಡಲು ಸುಲಭದ ದಾರಿ ಸಿಗುತ್ತದೆ. ನಾವು ಆ ದಾರಿಯನ್ನೇ ಮುಚ್ಚಲು ಹೊರಟವರು.

ಸಮಿತಿಯ ಐವರು, ಒಬ್ಬ ಅತಿಥಿ, ಮೇಜಿನ ಸುತ್ತ ಆರು ಜನ ಎಂದರೆ ಯಾರು ಯಾರನ್ನು ನೋಡುತ್ತಾರೆ ಎಂಬ ಲುಕ್‌ಗಳ ಗೋಜಲು. ಆರು ಜನರಲ್ಲಿ ಜೋಡಿಗಳು 15, ಎರಡೂ ದಿಕ್ಕಿನಿಂದ 30 ನೋಟಗಳು. ಮೇಜಿನ ನಕ್ಷೆ ಬರೆದು, ಅಧ್ಯಕ್ಷ ಮತ್ತು ಅತಿಥಿಯ ನಡುವೆ ಗೆರೆ ಎಳೆದು, ಒಂದು ಸಭೆಯಿಡೀ ಆ ಗೆರೆಯ ಒಂದೇ ಪಕ್ಕದಲ್ಲಿ ಕ್ಯಾಮೆರಾ ಇಟ್ಟೆವು. ಗೆರೆ ದಾಟಬೇಕಾದರೆ ಮತದಾನದ ಕ್ಷಣದಲ್ಲಿ ಮಾತ್ರ. ಯಾರು ಯಾವ ಸಾಲಿಗೆ ಯಾರನ್ನು ನೋಡುತ್ತಾರೆ ಎಂಬುದನ್ನು ಸ್ಕ್ರಿಪ್ಟಿನ ಅಂಚಿನಲ್ಲೇ ಬರೆದಿಡಿ. ಸೆಟ್ಟಿನಲ್ಲಿ ನೆನಪಿನ ಮೇಲೆ ಹೋದರೆ ಎಡಿಟಿಂಗ್‌ನಲ್ಲಿ ಇಬ್ಬರೂ ಗೋಡೆ ನೋಡಿಕೊಂಡು ಜಗಳವಾಡುತ್ತಿರುತ್ತಾರೆ. 8 ಅಡಿಯ ಮೇಜನ್ನು 4 ಅಡಿಯ ಎರಡು ತುಂಡುಗಳಾಗಿ ಮಾಡಿಸಿದ್ದು ಬಹಳ ಉಪಯೋಗಕ್ಕೆ ಬಂತು; ಒಂದು ತುಂಡು ಎಳೆದರೆ ಟ್ರೈಪಾಡ್ ಮಧ್ಯಕ್ಕೆ ಬರುತ್ತದೆ.

ಸಮಿತಿಯವರ ಕುರ್ಚಿಗಳ ಕಾಲಿಗೆ 2 ಇಂಚಿನ ಮರದ ತುಂಡು ಕೊಟ್ಟು ಎತ್ತರಿಸಿ, ಅತಿಥಿಯ ಕುರ್ಚಿಯನ್ನು ಹಾಗೇ ಬಿಟ್ಟೆವು. ಮೇಜು ಕೆಳಗಿನದನ್ನು ಮುಚ್ಚುತ್ತದೆ, ವ್ಯತ್ಯಾಸ ಯಾರಿಗೂ ಗೊತ್ತಾಗುವುದಿಲ್ಲ. ಐದನೇ ಸಭೆಯಲ್ಲಿ ಸದಸ್ಯ ತನ್ನ ಕುರ್ಚಿ ಬಿಟ್ಟು ಅತಿಥಿಯ ಕುರ್ಚಿಗೆ ಬಂದು ಕೂತಾಗ ಮಾತ್ರ ಅವನು ಕುಗ್ಗಿದ್ದು ಕಾಣುತ್ತದೆ. 4 ಇಂಚು ಕೊಟ್ಟರೆ ಮಕ್ಕಳ ಕುರ್ಚಿಯಂತಾಗಿ ಗುಟ್ಟು ರಟ್ಟಾಗುತ್ತದೆ. ಲೆನ್ಸಿನ ವಿಷಯದಲ್ಲಿ ಒಂದೇ ಎಚ್ಚರಿಕೆ: ಅತಿಥಿಯ ಮುಖಕ್ಕೆ 18 ಎಂಎಂ ಹತ್ತಿರ ಒಯ್ದು ಮೂಗು ಊದಿಸಬೇಡಿ, ಓರೆ ಕೋನವೂ ಬೇಡ. ಅತಿಥಿಗೂ ಸಮಿತಿಗೂ ಒಂದೇ 50 ಎಂಎಂ, ಕೂತವರ ಕಣ್ಣಿನ ಮಟ್ಟ. ಸೂಪರ್ 35 ಸೆನ್ಸರಿನಲ್ಲಿ (ಸಿನಿಮಾ ಕ್ಯಾಮೆರಾಗಳ ಸಾಮಾನ್ಯ ಅಳತೆ) ಇದು ಮುಖವನ್ನು ತಿರುಚುವುದಿಲ್ಲ, ಕ್ಯಾಮೆರಾ ಯಾರ ಪರವೂ ಅಲ್ಲ ಎಂಬಂತೆ ನಟಿಸುತ್ತದೆ.

ಲೈಟಿಂಗ್ ಅನ್ನು ತಿರುಗುಮುರುಗು ಮಾಡಿದೆವು. ಸಾಮಾನ್ಯವಾಗಿ ಕಥೆ ಕರಾಳವಾದಂತೆ ಬೆಳಕು ಇಳಿಸುತ್ತಾರೆ. ಇಲ್ಲಿ ಏರಿಸುತ್ತ ಹೋದೆವು. ಮೊದಲ ಸಭೆಯಲ್ಲಿ ಮುಖದ ಬೆಳಗಿದ ಭಾಗಕ್ಕೂ ನೆರಳಿಗೂ ಎರಡು ಸ್ಟಾಪ್ ಅಂತರ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ), ಕೊನೆಯದರಲ್ಲಿ ಅರ್ಧ ಸ್ಟಾಪ್. ಅವರು ಕೆಟ್ಟಷ್ಟೂ ಕೋಣೆ ಸ್ವಚ್ಛವಾಗಿ, ಆಸ್ಪತ್ರೆಯಷ್ಟು ಬೆಳ್ಳಗೆ ಕಾಣುತ್ತದೆ. ಮೇಜಿನ ಮೇಲೆ ತೂಗುವ ದೀಪ ಒಂದೇ ಇದ್ದರೆ ಕಣ್ಣುಗುಳಿಗಳು ಕಪ್ಪಾಗುತ್ತವೆ. ಮೇಜಿನ ಮೇಲೆ ಹರಡಿದ ಬಿಳಿ ಕಾಗದಗಳೇ ಬೆಳಕನ್ನು ಕೆಳಗಿನಿಂದ ಮುಖಕ್ಕೆ ಕೊಡುತ್ತವೆ, ಸಭೆಯಿಂದ ಸಭೆಗೆ ಕಾಗದ ಹೆಚ್ಚಿಸುತ್ತ ಹೋದರೆ ನೆರಳು ತಾನಾಗಿ ತುಂಬುತ್ತದೆ. 50 ಹರ್ಟ್ಜ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 24 ಫ್ರೇಮಿನಂತೆ ತೆಗೆಯುವವರು ಶಟರ್ ಕೋನವನ್ನು (ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂಬ ಅಳತೆ) 172.8 ಡಿಗ್ರಿಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ದೀಪ ಮಿಣುಕುತ್ತದೆ. ಅಗ್ಗದ ಎಲ್‌ಇಡಿ ಬಲ್ಬನ್ನು ಡಿಮ್ಮರಿಗೆ ಹಾಕಿದರೆ ಶಟರ್ ಸರಿಯಿದ್ದರೂ ಮಿಣುಕಬಹುದು; ಮೊದಲೇ ಒಂದು ನಿಮಿಷ ತೆಗೆದು ದೊಡ್ಡ ಮಾನಿಟರಿನಲ್ಲಿ ನೋಡಿ.

ನೀರಿನ ಲೋಟಗಳು ಆರು. ಮಟ್ಟಕ್ಕೆ ಲೋಟದ ಹಿಂಬದಿಯಲ್ಲಿ ಪೆನ್ಸಿಲ್ ಗುರುತು, ಪ್ರತಿ ಟೇಕಿಗೂ ಫೋಟೊ. ಮುಖ್ಯ ಸಾಲು ಹೇಳುವಾಗ ಯಾರೂ ಲೋಟ ಮುಟ್ಟುವಂತಿಲ್ಲ ಎಂಬ ನಿಯಮ ಮಾಡಿದರೆ ಅರ್ಧ ತಲೆನೋವು ಕಡಿಮೆ.

ಧ್ವನಿಯಲ್ಲಿ, ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದನ್ನು ಇಡೀ ದೃಶ್ಯವನ್ನು ದೂರದಿಂದ ಹಿಡಿಯುವ ಮಾಸ್ಟರ್ ಶಾಟಿನಲ್ಲಿ ಮಾತ್ರ ಬಿಡಿ. ಕ್ಲೋಸಪ್ಪುಗಳಲ್ಲಿ ಪ್ರತಿ ಸಾಲೂ ಒಂಟಿಯಾಗಿ, ಸ್ವಚ್ಛವಾಗಿ ಸಿಗಬೇಕು. ಗದ್ದಲವನ್ನು ಎಡಿಟಿಂಗ್‌ನಲ್ಲಿ ಕಟ್ಟಬಹುದು, ಬಿಡಿಸಲು ಆಗುವುದಿಲ್ಲ. ಕುರ್ಚಿ ಕಾಲಿಗೆ ಫೆಲ್ಟ್, ಲೋಟದ ಕೆಳಗೆ ಬಟ್ಟೆ, ಪ್ರತಿ ಸಭೆಗೂ 30 ಸೆಕೆಂಡು ಖಾಲಿ ಕೋಣೆಯ ಸದ್ದು. ಇನ್ನು ಬಾಗಿಲು. ಮೊದಲ ಸಲ ಭಾರದ ಮರ, ಚಿಲಕ, ಅದರ ಹಿಂದೆ ಎರಡು ಸೆಕೆಂಡಿನ ಅನುರಣನ. ಪ್ರತಿ ಸಭೆಗೂ ಅನುರಣನ ಕತ್ತರಿಸುತ್ತ ಬಂದು ಕೊನೆಗೆ ಉಳಿದದ್ದು ಸ್ವಿಚ್ಚು ಒತ್ತಿದಂಥ ಒಂದು ಟಿಕ್. ಪೆನ್ನಿನ ಸದ್ದು ಇದಕ್ಕೆ ವಿರುದ್ಧ: ಮೊದಲು ಕೇಳಿಯೂ ಕೇಳದಂತೆ, ಕೊನೆಗೆ ಬಾಗಿಲಿಗಿಂತ ಜೋರು. ಫೋಲಿಗೆ, ಅಂದರೆ ಆಮೇಲೆ ಸ್ಟುಡಿಯೋದಲ್ಲಿ ಸದ್ದು ಮರುಸೃಷ್ಟಿಸಲು, ಒರಟು ಕಾಗದ, ಗಟ್ಟಿ ಹಲಗೆ, ಬಾಲ್‌ಪೆನ್. ತೆರೆಯ ಮೇಲಿನ ಪೆನ್ನನ್ನೇ ಬಳಸಿದರೆ ಸದ್ದೇ ಬರುವುದಿಲ್ಲ.

ನಟರಿಗೆ "ವ್ಯಂಗ್ಯ", "ಕಾಮಿಡಿ" ಎಂಬ ಮಾತೇ ಸೆಟ್ಟಿನಲ್ಲಿ ಕೇಳಿಸಬಾರದು. ಸಮಿತಿಯವರಿಗೆ ಕೊಟ್ಟ ಸೂಚನೆ: ನಿಮಗೆ ದಣಿವಾಗಿದೆ, ಮನೆಗೆ ಹೋಗಬೇಕು, ಆದರೆ ಈ ಒಳ್ಳೆಯ ಕೆಲಸ ನೀವಲ್ಲದೆ ಇನ್ಯಾರು ಮಾಡುತ್ತಾರೆ. ಕ್ರೂರವಾಗಿ ನಟಿಸಿದವರ ಟೇಕುಗಳನ್ನೆಲ್ಲ ಬದಿಗಿಡಬೇಕಾಗುತ್ತದೆ. ಹುಬ್ಬು ಹಾರಿಸುವುದು, ಒಬ್ಬರನ್ನೊಬ್ಬರು ನೋಡಿ ಮುಗುಳ್ನಗುವುದು ಕಂಡ ಕೂಡಲೇ ನಿಲ್ಲಿಸಿ.

ಎಡಿಟಿಂಗ್‌ನಲ್ಲಿ ಕ್ಯಾಮೆರಾ ಮಾತನಾಡುವವನ ಮೇಲಿರುವುದಕ್ಕಿಂತ ತಲೆಯಾಡಿಸುವವನ ಮೇಲಿದ್ದರೆ ಹೆಚ್ಚು ಕಚ್ಚುತ್ತದೆ. ಕಟುವಾದ ಸಾಲಿನ ಬಳಿಕ 14ರಿಂದ 18 ಫ್ರೇಮು, ಅಂದರೆ ಅರ್ಧದಿಂದ ಮುಕ್ಕಾಲು ಸೆಕೆಂಡು, ಮೌನ ಬಿಡಿ. ತಕ್ಷಣ ಕತ್ತರಿಸಿದರೆ ಜೋಕಾಗುತ್ತದೆ, ಎರಡು ಸೆಕೆಂಡು ನಿಂತರೆ "ನೋಡಿ, ಎಷ್ಟು ಭಯಂಕರ" ಎಂದು ನಿರ್ದೇಶಕ ಬಂದು ಹೇಳಿದಂತಾಗುತ್ತದೆ. ಸಭಾಂಗಣದ ನಗು ಮುಂದಿನ ಸಾಲನ್ನು ನುಂಗುತ್ತದೆ, ಆದ್ದರಿಂದ ದೊಡ್ಡ ನಗುವಿನ ಹಿಂದೆ ಹೋದರೂ ನಷ್ಟವಿಲ್ಲದ ಸಾಲೊಂದಿರಲಿ: "ಕಿಟಕಿ ಹಾಕಿದ್ದೀರಾ?" ಎಂಬಂಥದ್ದು. ಕೊನೆಯಲ್ಲಿ ಸಮಿತಿಗೆ ಶಿಕ್ಷೆ ಕೊಡುವ ಆಸೆ ಎಲ್ಲರಿಗೂ ಬರುತ್ತದೆ. ಕೊಟ್ಟರೆ ನೋಡುಗ ನ್ಯಾಯ ಸಿಕ್ಕಿತೆಂದು ಎದ್ದುಹೋಗುತ್ತಾನೆ, ತಾನು ಎತ್ತಿದ ಕೈ ಅವನಿಗೆ ಮರೆತೇಹೋಗುತ್ತದೆ. ನಮ್ಮಲ್ಲಿ ಮುಂದಿನ ಸಭೆಯ ದಿನಾಂಕ ಗೊತ್ತು ಮಾಡಿ ಎದ್ದುಬಿಡುತ್ತಾರೆ.

ಪರೀಕ್ಷಾ ಪ್ರದರ್ಶನಕ್ಕೆ ಹತ್ತು ಹನ್ನೆರಡು ಜನ ಸಾಕು, ಆದರೆ ಎಲ್ಲರೂ ಒಂದೇ ಒಲವಿನವರಾಗಿರಬಾರದು, ಸ್ನೇಹಿತರಂತೂ ಬೇಡವೇ ಬೇಡ. "ಹೇಗಿತ್ತು?" ಎಂದು ಕೇಳಬೇಡಿ. ಚೀಟಿಯಲ್ಲಿ ಒಂದೇ ಪ್ರಶ್ನೆ: ಎಷ್ಟನೇ ಸಭೆಯವರೆಗೆ ಸಮಿತಿಯ ಜೊತೆಗಿದ್ದಿರಿ? ಹೆಚ್ಚಿನವರು "ಮೊದಲನೆಯದರಿಂದಲೇ ಇಲ್ಲ" ಎಂದರೆ ಪಟ್ಟಿಯ ದೃಶ್ಯಕ್ಕೆ ಬಲ ಸಾಲದು. ಎಲ್ಲರೂ ನಾಲ್ಕನೆಯದರವರೆಗೂ ಜೊತೆಗಿದ್ದರೆ ಹುಡುಗನ ಪಾತ್ರ ಸರಿಯಾಗಿಲ್ಲ. ಎರಡನೇ ಮತ್ತು ಮೂರನೆಯದರ ಮೇಲೆ ಉತ್ತರಗಳು ಒಡೆದರೆ ಏಣಿ ನೆಟ್ಟಗಿದೆ. ಕೋಣೆಯಲ್ಲಿ ರೆಕಾರ್ಡರ್ ಇಟ್ಟು, ಆ ಧ್ವನಿಯನ್ನು ಚಿತ್ರದ ಟೈಮ್‌ಲೈನಿನ ಕೆಳಗೆ ಜೋಡಿಸಿ. ನಗು ಎಲ್ಲಿ ಬಂತು ಎನ್ನುವುದಕ್ಕಿಂತ ಅರ್ಧಕ್ಕೆ ಎಲ್ಲಿ ನಿಂತಿತು ಎಂಬುದನ್ನು ಗುರುತಿಸಿ. ಮೂರನೇ ಮತದಾನಕ್ಕೆ ಚಪ್ಪಾಳೆ ಬಿದ್ದರೆ ಅಂಕಣಕಾರ್ತಿಯನ್ನು ತೀರಾ ಕೆಟ್ಟವಳನ್ನಾಗಿ ಮಾಡಿದ್ದೀರಿ ಎಂದರ್ಥ. ಅವಳ ಒಂದು ಸಾಲಿಗೆ ನೋಡುಗನೇ ನಗುವಂತೆ ತಿದ್ದಿ; ಆಗ ಮತ ಬೀಳುವುದು ಅವನ ನಗುವಿನ ಮೇಲೂ.

ಸೆಟ್ಟಿನಲ್ಲಿ ಮುದ್ರಿಸಿದ ಪಟ್ಟಿ, ಕರಪತ್ರಗಳನ್ನು ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ. ಹಿಂಬದಿಯಲ್ಲಿ "ಚಿತ್ರೀಕರಣಕ್ಕೆ ಮಾತ್ರ" ಎಂಬ ಮೊಹರು, ಮುಗಿದ ಮೇಲೆ ಹರಿದು ಹಾಕುವುದು. ಪಟ್ಟಿಯ ಹೆಸರುಗಳು ಪೂರ್ತಿ ಕಲ್ಪಿತವೇ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು.

ಕೊನೆಗೆ, ಬಹಳ ಜನ ಯೋಚಿಸದ ಒಂದು ಅಪಾಯ. ಚೆನ್ನಾಗಿ ಬರೆದ ಉಗ್ರ ಭಾಷಣವನ್ನು ಯಾರೋ ಕತ್ತರಿಸಿಕೊಂಡು ನಿಜವಾದ ಭಾಷಣವೆಂದೇ ಹಂಚುತ್ತಾರೆ. ಅದಕ್ಕೆ ಅತಿಥಿಯ ಮುಖವನ್ನು ಒಂದೇ ಸಮನೆ 9 ಸೆಕೆಂಡಿಗಿಂತ ಹೆಚ್ಚು ತೆರೆಯ ಮೇಲೆ ಬಿಡಲಿಲ್ಲ. ನಡುವೆ ಸಮಿತಿಯ ಒಬ್ಬರ ಮುಖ, ಇಲ್ಲವೇ ಮಾತಿನ ಮೇಲೆಯೇ ಪೆನ್ನಿನ ಕರಕರ. ಭಾಷಣದಡಿ ಸಂಗೀತ ಹಾಕಲಿಲ್ಲ, ಏಕೆಂದರೆ ಸಂಗೀತವಿರುವ ತುಣುಕು ಇನ್ನೂ ಬೇಗ ಓಡುತ್ತದೆ. ಟ್ರೈಲರಿನಲ್ಲಿ ಅತಿಥಿಗಳ ಒಂದು ಪೂರ್ಣ ವಾಕ್ಯವೂ ಇಲ್ಲ, ಇರುವುದೆಲ್ಲ ಸಮಿತಿಯ ಮಾತು. ಪತ್ರಿಕೆಗಳಿಗೆ ಕಳಿಸುವ ಸ್ಟಿಲ್‌ಗಳಲ್ಲೂ ಅತಿಥಿ ಒಬ್ಬನೇ ಇರುವ ಫೋಟೊ ಸೇರಿಸಬೇಡಿ. ಮೇಜು, ಲೋಟ, ಕನಿಷ್ಠ ಇನ್ನೊಬ್ಬರ ಭುಜ ಚೌಕಟ್ಟಿನೊಳಗೆ ಇರುವಂಥದ್ದನ್ನೇ ಆರಿಸಿ ಕಳಿಸಿ.